ತೊಂಬತ್ತೈದನೆಯ ಹೆಣ

1138ರ ಆಗಸ್ಟ್ ತಿಂಗಳು. ಇಂಗ್ಲೆಂಡಿನ ಶ್ರೂಸ್‌ಬರಿ ಕೋಟೆ ರಾಜ ಸ್ಟೀಫನ್ನನ ವಶವಾಗಿದೆ. ಎದುರು ನಿಂತು ಕಾದವರನ್ನು ಅವನು ನೇಣಿಗೆ ಹಾಕಿಸಿದ್ದಾನೆ. ಹೆಣಗಳಿಗೆ ಮಣ್ಣು ಕೊಡುವ ಕೆಲಸವನ್ನು ಊರಾಚೆಯ ಮಠದವರು ವಹಿಸಿಕೊಂಡಿದ್ದಾರೆ. ಅಧಿಕಾರಿಗಳು ಕೊಟ್ಟ ಲೆಕ್ಕ 94. ಮಠದ ಔಷಧಿ ತೋಟ ನೋಡಿಕೊಳ್ಳುವ ಸನ್ಯಾಸಿ ಕ್ಯಾಡ್‌ಫೆಲ್ ಹೆಣಗಳನ್ನು ಸಾಲಾಗಿ ಮಲಗಿಸಿ ಎಣಿಸುತ್ತಾನೆ: 95. ಇನ್ನೊಮ್ಮೆ ಎಣಿಸಿದರೂ 95. ಒಂದೊಂದೇ ಕುತ್ತಿಗೆಯನ್ನು ನೋಡುತ್ತ ಹೋದಾಗ ಒಬ್ಬ ತರುಣನ ಗುರುತು ಉಳಿದವರಂತಿಲ್ಲ. ಅದು ದಪ್ಪ ನೇಣುಹಗ್ಗದ ಗುರುತಲ್ಲ. ಮೇಣ ಸವರಿದ ಸಣ್ಣ ಹುರಿಯನ್ನು ಹಿಂದಿನಿಂದ ಹಾಕಿ ಬಿಗಿದದ್ದು, ಚರ್ಮ ಕತ್ತರಿಸಿಕೊಂಡು ಒಳಗೆ ಇಳಿದಿದೆ. ಯಾರೋ ತಮ್ಮ ಕೊಲೆಯನ್ನು ರಾಜನ ಕೊಲೆಗಳ ರಾಶಿಯೊಳಗೆ ಬಚ್ಚಿಟ್ಟು ಹೋಗಿದ್ದಾರೆ.

ಎಲಿಸ್ ಪೀಟರ್ಸ್ 1979ರಲ್ಲಿ ಪ್ರಕಟಿಸಿದ ‘ಒನ್ ಕಾರ್ಪ್ಸ್ ಟೂ ಮೆನಿ’ ಕಾದಂಬರಿ ಶುರುವಾಗುವುದು ಹೀಗೆ. ಮುತ್ತಿಗೆ ನಿಜ, ನೇಣುಗಳೂ ನಿಜ. ಆ ಒಂದು ಹೆಚ್ಚಿನ ಹೆಣ ಮಾತ್ರ ಲೇಖಕಿಯ ಕಲ್ಪನೆ. ಐತಿಹಾಸಿಕ ಪತ್ತೇದಾರಿ ಕಾದಂಬರಿ ಎಂಬ ಪ್ರಕಾರದ ಜೀವಾಳವೇನು ಎಂದು ಯಾರಾದರೂ ಕೇಳಿದರೆ ನಾನು ಈ ಎಣಿಕೆಯನ್ನೇ ತೋರಿಸುತ್ತೇನೆ. ತೊಂಬತ್ತನಾಲ್ಕು ಜನರ ಸಾವಿಗೆ ಯಾರೂ ಜವಾಬು ಹೇಳಬೇಕಿಲ್ಲದ ಕಡೆ, ತೊಂಬತ್ತೈದನೆಯವನಿಗಾಗಿ ಒಬ್ಬ ಸನ್ಯಾಸಿ ಊರೆಲ್ಲ ಅಲೆಯುವುದಕ್ಕೆ ಏನರ್ಥ? ಈ ಬಗೆಯ ಕಾದಂಬರಿಗಳನ್ನು ಇಪ್ಪತ್ತು ವರ್ಷಗಳಿಂದ ಓದುತ್ತ ಬಂದ ನನಗೆ, ಒಳ್ಳೆಯವುಗಳೆಲ್ಲ ಈ ಪ್ರಶ್ನೆಯನ್ನು ಎದುರಿಸಿದವು, ಸೊರಗಿದವು ಇದರಿಂದ ತಪ್ಪಿಸಿಕೊಂಡವು ಅನ್ನಿಸಿದೆ. ಅವು ಯಾಕೆ ಅಷ್ಟು ಉದ್ದ ಎಂಬ ಓದುಗರ ದೂರಿಗೂ ಉತ್ತರ ಇಲ್ಲೇ ಇದೆ.

ಪ್ರಕಾರ ಬಹಳ ಹಳೆಯದೇನಲ್ಲ. ಅಗಾಥಾ ಕ್ರಿಸ್ಟಿ 1944ರಲ್ಲಿ ‘ಡೆತ್ ಕಮ್ಸ್ ಆ್ಯಸ್ ದಿ ಎಂಡ್’ ಬರೆದು ಕೊಲೆಗಳನ್ನು ನಾಲ್ಕು ಸಾವಿರ ವರ್ಷ ಹಿಂದಿನ ಈಜಿಪ್ಟಿಗೆ ಒಯ್ದಳು. ಈಜಿಪ್ಟ್ ತಜ್ಞರಾಗಿದ್ದ ಗೆಳೆಯ ಸ್ಟೀಫನ್ ಗ್ಲಾನ್‌ವಿಲ್ ಒತ್ತಾಯಿಸಿದ್ದರು. ಹೆಕನಖ್ತ್ ಎಂಬ ಯಜಮಾನ ಮನೆಯವರಿಗೆ ಬರೆದ, ಉತ್ಖನನದಲ್ಲಿ ಸಿಕ್ಕ ಪತ್ರಗಳು ಕೈಯಲ್ಲಿದ್ದವು. ಯಾರಿಗೆ ಎಷ್ಟು ಧಾನ್ಯ ಅಳೆದು ಕೊಡಬೇಕು, ಮನೆಗೆ ಬಂದ ಹೊಸ ಹೆಂಗಸನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಆ ಪತ್ರಗಳ ಗೊಣಗಾಟ ಕಾದಂಬರಿಗೆ ಜೀವ ಕೊಟ್ಟಿದೆ. ಆದರೆ ಆ ಮನೆಯ ಅಂಗಳ ದಾಟಿದರೆ ಈಜಿಪ್ಟಿಲ್ಲ. ನೈಲ್ ನದಿಯನ್ನು ತೆಗೆದು ಥೇಮ್ಸ್ ಹರಿಸಿದರೂ ಕೊಲೆಗಾರ ಬದಲಾಗುವುದಿಲ್ಲ. ಜೋಸೆಫಿನ್ ಟೇ 1951ರ ‘ದಿ ಡಾಟರ್ ಆಫ್ ಟೈಮ್‌’ನಲ್ಲಿ ತಿರುಗುಮುರುಗು ಮಾಡಿದಳು: ಪತ್ತೇದಾರ ಇಪ್ಪತ್ತನೆಯ ಶತಮಾನದ ಆಸ್ಪತ್ರೆಯ ಹಾಸಿಗೆಯಲ್ಲಿ, ಕೊಲೆ ಹದಿನೈದನೆಯದರಲ್ಲಿ. ಮೂರನೆಯ ರಿಚರ್ಡ್ ತನ್ನ ಅಣ್ಣನ ಮಕ್ಕಳನ್ನು ಕೊಲ್ಲಿಸಿದನೇ ಎಂಬುದನ್ನು ಪುಸ್ತಕಗಳಿಂದಲೇ ಜಾಲಾಡುವ ಆ ಕೃತಿಯನ್ನು ಬ್ರಿಟನ್ನಿನ ಅಪರಾಧ ಲೇಖಕರ ಸಂಘ 1990ರಲ್ಲಿ ತನ್ನ ನೂರು ಕಾದಂಬರಿಗಳ ಪಟ್ಟಿಯ ತಲೆಯಲ್ಲಿಟ್ಟಿತು.

ಇದೇ ಹೊತ್ತಿಗೆ ಡಚ್ ರಾಜತಾಂತ್ರಿಕ ರಾಬರ್ಟ್ ವಾನ್ ಗುಲಿಕ್, ಚೀನಾದ ಹಳೆಯ ಕಥೆಯೊಂದನ್ನು 1949ರಲ್ಲಿ ಅನುವಾದಿಸಿ ಪ್ರಕಟಿಸಿ, ಅದರ ನಾಯಕ ನ್ಯಾಯಾಧೀಶ ಡೀಯನ್ನು ಇಟ್ಟುಕೊಂಡು ತಾನೇ ಹೊಸ ಕಾದಂಬರಿಗಳ ಸಾಲು ಬರೆದ. ಡೀ ಏಳನೆಯ ಶತಮಾನದಲ್ಲಿ ತಾಂಗ್ ದೊರೆಗಳ ಕಾಲದಲ್ಲಿ ನಿಜವಾಗಿ ಬಾಳಿದ ಅಧಿಕಾರಿ. ಚೀನೀ ಕಥೆಗಳಲ್ಲಿ ಅಪರಾಧಿ ಯಾರೆಂದು ಮೊದಲಿಗೇ ಗೊತ್ತಿರುತ್ತದೆ. ಅವನನ್ನು ನ್ಯಾಯಾಧೀಶ ಹೇಗೆ ಕಟ್ಟಿಹಾಕುತ್ತಾನೆ ಎಂಬುದೇ ಸ್ವಾರಸ್ಯ. ಅವು ನೂರಾರು ಪಾತ್ರಗಳ ಉದ್ದುದ್ದ ಕಥೆಗಳು. ವಾನ್ ಗುಲಿಕ್ ಅಪರಾಧಿಯ ಹೆಸರನ್ನು ಕೊನೆಗೆ ತಳ್ಳಿದ, ದೆವ್ವಗಳನ್ನು ಕಡಿಮೆ ಮಾಡಿದ. ಒಬ್ಬ ನ್ಯಾಯಾಧೀಶನ ಮುಂದೆ ಏಕಕಾಲಕ್ಕೆ ಮೂರು ಮೊಕದ್ದಮೆ ಇರುವ ಪದ್ಧತಿಯನ್ನು ಮಾತ್ರ ಉಳಿಸಿಕೊಂಡ. ನಮ್ಮ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಒಂದು ಬೆಳಗ್ಗೆ ನಿಂತವರಿಗೆ ಈ ಪದ್ಧತಿಯೇ ಹೆಚ್ಚು ನಿಜ ಅನ್ನಿಸುತ್ತದೆ.

ಬೆರಳಚ್ಚು, ರಕ್ತಪರೀಕ್ಷೆ, ಫೋಟೊ ಒಂದೂ ಇಲ್ಲದ ಕಾಲದಲ್ಲಿ ಪತ್ತೆ ಮಾಡುವುದು ಹೇಗೆ? ಹೊಸ ಓದುಗರು ಮೊದಲು ಕೇಳುವುದು ಇದನ್ನು. ಆ ಕಾಲದವರು ಕಣ್ಣು ಮುಚ್ಚಿಕೊಂಡಿದ್ದರೆಂದು ನಾವು ಅಂದುಕೊಂಡದ್ದೇ ತಪ್ಪು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ನಾಲ್ಕನೆಯ ಅಧಿಕರಣದಲ್ಲಿ ಆಶುಮೃತಕ ಪರೀಕ್ಷೆ ಎಂಬ ಭಾಗವೇ ಇದೆ. ಹಠಾತ್ತನೆ ಸತ್ತವನ ಮೈಗೆ ಎಣ್ಣೆ ಸವರಿ ನೋಡಬೇಕು. ಉಸಿರು ಕಟ್ಟಿ ಸತ್ತವನ, ನೇಣಿನಲ್ಲಿ ಸತ್ತವನ, ನೀರಲ್ಲಿ ಮುಳುಗಿದವನ, ವಿಷ ತಿಂದವನ ಮೈಮೇಲೆ ಯಾವ ಯಾವ ಗುರುತು ಕಾಣುತ್ತದೆ ಎಂಬುದೆಲ್ಲ ಅಲ್ಲಿದೆ. ಚೀನಾದ ಸೋಂಗ್ ತ್ಸು 1247ರಲ್ಲಿ ಬರೆದ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ಕುಡುಗೋಲಿನಿಂದ ಕೊಚ್ಚಿದ ಕೊಲೆಯಾಗಿದೆ. ತನಿಖೆಗೆ ಬಂದ ಅಧಿಕಾರಿ ಊರವರೆಲ್ಲ ತಮ್ಮ ತಮ್ಮ ಕುಡುಗೋಲು ತಂದು ಬಿಸಿಲಲ್ಲಿ ಇಡುವಂತೆ ಹೇಳುತ್ತಾನೆ. ತೊಳೆದು ಒರೆಸಿದ್ದರೂ ಒಂದೇ ಒಂದು ಕುಡುಗೋಲಿಗೆ ನೊಣ ಮುತ್ತುತ್ತವೆ. ಕ್ಯಾಡ್‌ಫೆಲ್ ಹುರಿಯ ಗುರುತು ಕಂಡುಹಿಡಿದದ್ದನ್ನು ಲೇಖಕಿಯ ಅನುಕೂಲಕ್ಕೆ ಆದದ್ದು ಎನ್ನುವವರು ಈ ಪುಟಗಳನ್ನು ನೋಡಬೇಕು.

ಎಲಿಸ್ ಪೀಟರ್ಸಳ ನಿಜ ಹೆಸರು ಎಡಿತ್ ಪಾರ್ಜೆಟರ್ (1913–1995). ಹುಟ್ಟಿ ಬೆಳೆದ ಶ್ರಾಪ್‌ಶೈರ್ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. 1977ರಿಂದ 1994ರವರೆಗೆ ಬಂದ ಇಪ್ಪತ್ತು ಕ್ಯಾಡ್‌ಫೆಲ್ ಕಾದಂಬರಿಗಳು 1137ರಿಂದ 1145ರವರೆಗಿನ ಕೆಲವೇ ವರ್ಷಗಳನ್ನು ಋತು ಋತುವಾಗಿ ದಾಟುತ್ತವೆ. ಸ್ಟೀಫನ್ ಮತ್ತು ಮಟಿಲ್ಡಾ ಸಿಂಹಾಸನಕ್ಕೆ ಕಾದಾಡುತ್ತಿದ್ದಾರೆ, ಇತ್ತ ಮಠದ ತೋಟದಲ್ಲಿ ಸೊಪ್ಪು ಚಿಗುರುತ್ತದೆ. ಮೂರನೆಯ ಕಾದಂಬರಿಯಲ್ಲಿ, ನೋವಿಗೆಂದು ಕ್ಯಾಡ್‌ಫೆಲ್ ತಾನೇ ಕಾಸಿಟ್ಟ ವತ್ಸನಾಭಿಯ ಎಣ್ಣೆಯೇ ವಿಷವಾಗಿ ಒಬ್ಬನ ಪ್ರಾಣ ತೆಗೆಯುತ್ತದೆ. ಪತ್ತೇದಾರನ ಕೈಯೂ ಶುಚಿಯಲ್ಲ ಎಂಬುದನ್ನು ಇಷ್ಟು ಮೆದುವಾಗಿ ಹೇಳಿದವರು ಕಡಿಮೆ. ಈ ಪುಸ್ತಕಗಳು ದಪ್ಪವಲ್ಲ. ಉದ್ದವಿರುವುದು ಸರಣಿಯಲ್ಲಿ. ಇಪ್ಪತ್ತನ್ನೂ ಓದಿದವರಿಗೆ ಒಂದು ಊರಿನ ಎಂಟು ವರ್ಷ ಸಿಗುತ್ತದೆ.

ಉಂಬರ್ತೋ ಇಕೋ ಬೇರೆ ದಾರಿ ಹಿಡಿದ. 1980ರಲ್ಲಿ ಇಟಾಲಿಯನ್ನಿನಲ್ಲಿ, 1983ರಲ್ಲಿ ಇಂಗ್ಲಿಷಿನಲ್ಲಿ ಬಂದ ‘ದಿ ನೇಮ್ ಆಫ್ ದಿ ರೋಸ್‌’ನಲ್ಲಿ ಕಥೆ 1327ರ ಒಂದು ಮಠದಲ್ಲಿ ಏಳೇ ದಿನ ನಡೆಯುತ್ತದೆ. ಮೊದಲ ನೂರು ಪುಟ ಮೊಟಕು ಮಾಡೆಂದು ಪ್ರಕಾಶಕರ ಕಡೆಯವರು ಕೇಳಿಕೊಂಡರೂ ಅವನು ಒಪ್ಪಲಿಲ್ಲ. ಬೆಟ್ಟ ಹತ್ತುವವನು ಬೆಟ್ಟದ ಉಸಿರಿಗೆ ಹೊಂದಿಕೊಳ್ಳಬೇಕು, ಹೊಂದಿಕೊಳ್ಳಲಾಗದವನು ಬುಡದಲ್ಲೇ ಉಳಿಯಲಿ ಎಂಬುದು ಅವನ ನಿಲುವು. ಈ ಮಾತಿನಲ್ಲಿ ಅಹಂಕಾರ ಕಂಡವರಿದ್ದಾರೆ. ನನಗೆ ಅದು ಪ್ರಾಮಾಣಿಕ ಎಚ್ಚರಿಕೆ ಅನ್ನಿಸಿತು. ಕ್ರಿಸ್ತ ಬಡವನಾಗಿದ್ದನೇ ಎಂಬ ವಾದಕ್ಕೆ ಅಲ್ಲಿ ಪುಟಗಟ್ಟಲೆ ಹೋಗುತ್ತದೆ. ಆ ವಾದಕ್ಕಾಗಿ ಜನ ಸುಟ್ಟುಹೋಗುತ್ತಿದ್ದರು ಎಂಬುದು ಮೈಗೆ ತಟ್ಟಬೇಕಾದರೆ ಆ ಪುಟಗಳು ಬೇಕೇ ಬೇಕು. ಪತ್ತೇದಾರ ವಿಲಿಯಂ ಒಂದು ಕಡೆ ಸುಳಿವು ಹುಡುಕುತ್ತಿದ್ದರೆ, ಇನ್ನೊಂದು ಕಡೆ ಧರ್ಮವಿಚಾರಕ ಬರ್ನಾರ್ ಗೀ, ಇವನೂ ಇತಿಹಾಸದ ವ್ಯಕ್ತಿಯೇ, ಸಿಕ್ಕವರನ್ನು ಹಿಡಿದು ಅಪರಾಧಿ ಮಾಡುತ್ತಾನೆ. ಹೆಸರೂ ಗೊತ್ತಾಗದ ಹಳ್ಳಿಯ ಹುಡುಗಿಯೊಬ್ಬಳನ್ನು ಮಾಟಗಾತಿಯೆಂದು ಎಳೆದೊಯ್ಯುತ್ತಾರೆ. ಅವಳನ್ನು ಉಳಿಸಲು ವಿಲಿಯಮ್ಮನ ಜಾಣ್ಮೆ ಒಂದಿಷ್ಟೂ ಉಪಯೋಗಕ್ಕೆ ಬರುವುದಿಲ್ಲ. ಗ್ರಂಥಾಲಯ ಹೊತ್ತಿ ಉರಿದದ್ದು ಎಲ್ಲರ ನೆನಪಿನಲ್ಲಿರುತ್ತದೆ. ನನ್ನ ನೆನಪಿನಲ್ಲಿ ಉಳಿದವಳು ಆ ಹುಡುಗಿ.

ಫಿಲಿಪ್ ಕೆರ್ ಇದೇ ಪ್ರಶ್ನೆಯನ್ನು ಅತಿ ಕಠಿಣವಾದ ಜಾಗಕ್ಕೆ ಒಯ್ದ. ಅವನ ಬರ್ನಿ ಗುಂಥರ್ ಹಿಟ್ಲರನ ಜರ್ಮನಿಯ ಪೊಲೀಸ್. 2013ರ ‘ಎ ಮ್ಯಾನ್ ವಿದೌಟ್ ಬ್ರೆತ್‌’ನಲ್ಲಿ 1943ರ ಕತೀನ್ ಕಾಡಿನ ಸಾಮೂಹಿಕ ಗೋರಿಗಳ ಪಕ್ಕದಲ್ಲಿ ನಿಂತು ಅವನು ಬಿಡಿ ಕೊಲೆಗಳ ತನಿಖೆ ಮಾಡುತ್ತಾನೆ. ಅಬೀರ್ ಮುಖರ್ಜಿಯ ‘ಎ ರೈಸಿಂಗ್ ಮ್ಯಾನ್‌’ನಲ್ಲಿ (2016) ಕಲ್ಕತ್ತೆಯಲ್ಲಿ ಒಬ್ಬ ಬಿಳಿಯ ಅಧಿಕಾರಿಯ ಕೊಲೆಗೆ ಇಡೀ ಪೊಲೀಸ್ ಇಲಾಖೆ ಎದ್ದು ಕೂರುತ್ತದೆ. ಕಾಲ 1919ರ ಏಪ್ರಿಲ್, ಜಲಿಯನ್‌ವಾಲಾ ಬಾಗ್‌ನ ತಿಂಗಳು. ಇಷ್ಟು ಹೇಳಿದರೆ ನಮ್ಮ ಓದುಗರಿಗೆ ಸಾಕು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಪುಸ್ತಕಕ್ಕೆ ಬರುತ್ತೇನೆ. ಸಿ. ಜೆ. ಸ್ಯಾನ್ಸಮ್ (1952–2024) ಇತಿಹಾಸದಲ್ಲಿ ಪಿಎಚ್.ಡಿ. ಮಾಡಿ, ಆಮೇಲೆ ವಕೀಲನಾಗಿ ದುಡಿದವನು. ಅವನ ಪತ್ತೇದಾರ ಮ್ಯಾಥ್ಯೂ ಶಾರ್ಡ್‌ಲೇಕ್ ಲಂಡನ್ನಿನ ಲಿಂಕನ್ಸ್ ಇನ್‌ನ ವಕೀಲ, ಗೂನುಬೆನ್ನಿನವನು. ಕಥೆ ಶುರುವಾಗುವುದು ಎಂಟನೆಯ ಹೆನ್ರಿಯ ಕಾಲದಲ್ಲಿ. ಮೊದಲ ಕಾದಂಬರಿ ‘ಡಿಸಲ್ಯೂಷನ್’ (2003) ಮಠಗಳನ್ನು ಮುಚ್ಚಿಸುತ್ತಿದ್ದ 1537ರದು. ಏಳನೆಯ, ಕೊನೆಯ ‘ಟೂಮ್‌ಲ್ಯಾಂಡ್’ (2018) 1549ರದು. ನಡುವಿನ ಹನ್ನೆರಡು ವರ್ಷಗಳಲ್ಲಿ ಶಾರ್ಡ್‌ಲೇಕನ ನಂಬಿಕೆಗಳು ಒಂದೊಂದಾಗಿ ಕಳಚುತ್ತವೆ. ಥಾಮಸ್ ಕ್ರಾಮ್‌ವೆಲ್‌ನ ನಿಷ್ಠಾವಂತನಾಗಿ, ಮತಸುಧಾರಣೆಯಿಂದ ಬಡವರಿಗೆ ಒಳ್ಳೆಯದಾಗುತ್ತದೆಂದು ನಂಬಿ ಹೊರಟವನು, ಮಠದ ಆಸ್ತಿ ಯಾರ ಜೇಬಿಗೆ ಹೋಯಿತು ಎಂದು ನೋಡುತ್ತ ನೋಡುತ್ತ ಮುದುಕನಾಗುತ್ತಾನೆ. ಇದನ್ನು ಒಂದೇ ಪುಸ್ತಕದಲ್ಲಿ ತೋರಿಸಲು ಬರುವುದಿಲ್ಲ. ಸರಣಿಯನ್ನು ನಡುವಿನಿಂದ ಓದಬಹುದೇ ಎಂದು ಕೇಳುವವರಿಗೆ ನನ್ನ ಸಲಹೆ, ಬೇಡ. ಮೊದಲಿನಿಂದ ಹಿಡಿಯಿರಿ.

ಮೂರನೆಯ ‘ಸಾವರಿನ್’ (2006) ನನ್ನ ದೃಷ್ಟಿಯಲ್ಲಿ ಏಳರಲ್ಲಿ ಹೆಚ್ಚು ಬಿಗಿಯಾದದ್ದು. 1541ರಲ್ಲಿ ಹೆನ್ರಿ ದೊಡ್ಡ ಪರಿವಾರದೊಂದಿಗೆ ಯಾರ್ಕ್ ನಗರಕ್ಕೆ ಬರುತ್ತಾನೆ. ಊರಾಚೆಯ ಫುಲ್‌ಫರ್ಡ್‌ನಲ್ಲಿ ನಗರದ ದೊಡ್ಡವರೆಲ್ಲ ಮಂಡಿಯೂರಿ ಕಾದಿದ್ದಾರೆ. ಶಾರ್ಡ್‌ಲೇಕ್ ಜನರ ಅರ್ಜಿಗಳ ಕಟ್ಟು ಹಿಡಿದು ರಾಜನ ಮುಂದೆ ನಿಲ್ಲಬೇಕು. ಹತ್ತಿರ ಬಂದಾಗ ಅವನಿಗೆ ಮೊದಲು ತಟ್ಟುವುದು ರಾಜನ ಕಾಲಿನ ಹುಣ್ಣಿನ ಕೊಳೆತ ವಾಸನೆ. ರಾಜ ಅವನ ಗೂನನ್ನು ನೋಡಿ ಎಲ್ಲರೆದುರು ಹೀಯಾಳಿಸುತ್ತಾನೆ, ಸುತ್ತಲಿದ್ದವರು ನಗುತ್ತಾರೆ. ಕೊಲೆಯ ಎಳೆಗೆ ಈ ದೃಶ್ಯ ಬೇಕಾಗಿರಲಿಲ್ಲ ಎನ್ನಬಹುದು. ಆದರೆ ಇದಾದ ಮೇಲೆ ಕಾದಂಬರಿಯಲ್ಲಿ ಬರುವ ಪ್ರತಿ ಅಪ್ಪಣೆ, ಪ್ರತಿ ಮೊಹರು ನಮಗೆ ಆ ವಾಸನೆಯೊಂದಿಗೇ ಬರುತ್ತದೆ.

‘ಟೂಮ್‌ಲ್ಯಾಂಡ್’ ಎಂಟುನೂರು ಪುಟ ದಾಟುತ್ತದೆ. ಹೆಸರು ಕೇಳಿ ಗೋರಿಗಳ ನಾಡೆಂದುಕೊಳ್ಳಬೇಡಿ. ಅದು ನಾರಿಚ್ ನಗರದ ಪ್ರಧಾನ ಚರ್ಚಿನ ಮುಂದಿನ ಬಯಲಿನ ಹೆಸರು, ಹಳೆಯ ಭಾಷೆಯಲ್ಲಿ ಖಾಲಿ ಜಾಗ ಎಂದಷ್ಟೇ ಅರ್ಥ. ಮಳೆ ಹಿಡಿದ ಐದು ವಾರ ನಾನು ಇದನ್ನು ಓದಿದೆ. ಮೂರನೆಯ ದಿನಕ್ಕೇ ಪಾತ್ರಗಳು ಕಲಸಿಹೋಗತೊಡಗಿದ್ದರಿಂದ ಒಂದು ಹಾಳೆಯಲ್ಲಿ ಹೆಸರು ಬರೆದುಕೊಳ್ಳುತ್ತ ಬಂದೆ. ಸತ್ತವರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಮೊದಲ ಚುಕ್ಕೆ ಎಡಿತ್ ಬೊಲಿನ್‌ಗೆ. ಒಂಬತ್ತು ವರ್ಷದಿಂದ ಕಾಣೆಯಾಗಿದ್ದ ಹೆಂಗಸು ಗಂಡನ ಜಮೀನಿನ ಅಂಚಿನ ಕೆಸರಿನಲ್ಲಿ ತಲೆಕೆಳಗಾಗಿ ಹೂತುಹೋದ ಹೆಣವಾಗಿ ಸಿಗುತ್ತಾಳೆ. ಗಂಡ ಜಾನ್, ಮುಂದೆ ರಾಣಿಯಾಗಲಿರುವ ಹದಿಹರೆಯದ ಎಲಿಜಬೆತ್‌ಗೆ ತಾಯಿಯ ಕಡೆಯ ದೂರದ ನೆಂಟ. ಅವನ ವಿಚಾರಣೆ ನ್ಯಾಯವಾಗಿ ನಡೆಯುತ್ತದೆಯೇ ನೋಡಿ ಬಾ ಎಂದು ಅವಳು ಶಾರ್ಡ್‌ಲೇಕನನ್ನು ನಾರಿಚ್‌ಗೆ ಕಳಿಸುತ್ತಾಳೆ.

ಅಲ್ಲಿಂದ ಮುಂದೆ ನಡೆಯುವುದು ಪತ್ತೇದಾರಿ ಓದುಗರನ್ನು ಸಿಟ್ಟಿಗೆಬ್ಬಿಸಿದೆ. ನ್ಯಾಯಾಲಯದ ಭಾಗ ಮುಗಿಯುತ್ತಲೇ ದಂಗೆ ಏಳುತ್ತದೆ. ಎಡಿತ್‌ಳ ಕೊಲೆ ನೂರಾರು ಪುಟ ಹಿಂದೆ ಸರಿಯುತ್ತದೆ. ಶ್ರೀಮಂತರು ಊರೊಟ್ಟಿನ ಗೋಮಾಳಗಳಿಗೆ ಬೇಲಿ ಹಾಕಿ ಕುರಿ ಬಿಟ್ಟಿದ್ದರು. 1549ರ ಜುಲೈನಲ್ಲಿ ಜನ ಬೇಲಿ ಕೀಳಲು ಹೊರಟಾಗ ವಿಂಡಮ್‌ನ ರಾಬರ್ಟ್ ಕೆಟ್ ಎಂಬ ಭೂಮಾಲೀಕ ತನ್ನ ಬೇಲಿಯನ್ನು ತಾನೇ ಕಿತ್ತು ಅವರ ಮುಂದಾಳಾದ. ನಾರಿಚ್ ಪಕ್ಕದ ಮೌಸ್‌ಹೋಲ್ಡ್ ದಿನ್ನೆಯ ಮೇಲೆ ಹದಿನೈದು ಸಾವಿರದಷ್ಟು ಜನ ಬೀಡುಬಿಟ್ಟರು. 29 ಬೇಡಿಕೆಗಳ ಅರ್ಜಿ ಸಿದ್ಧವಾಯಿತು, ಜೀತದಾಳುಗಳ ಬಿಡುಗಡೆಯೂ ಅದರಲ್ಲಿತ್ತು. ಇವೆಲ್ಲ ಇತಿಹಾಸ. ಸ್ಯಾನ್ಸಮ್ ಶಾರ್ಡ್‌ಲೇಕನನ್ನು ಆ ಬೀಡಿನೊಳಗೆ ತಂದು ಕೂರಿಸುತ್ತಾನೆ. ದೊಡ್ಡ ಓಕ್ ಮರದ ಕೆಳಗೆ ಕೆಟ್ ನ್ಯಾಯ ನಡೆಸುತ್ತಾನೆ. ಹಿಡಿದು ತಂದ ಜಮೀನ್ದಾರರನ್ನು ಜನ ದೂರುತ್ತಾರೆ. ಕಾನೂನು ಬಲ್ಲ ಕೈದಿ ಶಾರ್ಡ್‌ಲೇಕ್ ಪಕ್ಕದಲ್ಲಿ ನಿಂತು ಪ್ರತಿ ಸಲವೂ ಸಾಕ್ಷಿ ಕೇಳುತ್ತಾನೆ. ಕಂಡದ್ದು ಯಾರು? ಇವನೇ ಎಂದು ಹೇಗೆ ಗೊತ್ತು? ಎಡಿತ್‌ಳ ಕೊಲೆಯಲ್ಲಿ ಕೇಳಿದ ಪ್ರಶ್ನೆಗಳನ್ನೇ ಮರದಡಿಯಲ್ಲೂ ಕೇಳುತ್ತಾನೆ. ಹಾಗಾಗಿ ಪತ್ತೇದಾರಿ ಕೆಲಸ ನಿಂತಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದು ಒಬ್ಬನ ಕೈಯಿಂದ ಊರಿನ ಕೈಗೆ ಹೋಯಿತು.

ಹಾಗೆಂದು ಎಲ್ಲ ಪುಟವನ್ನೂ ನಾನು ಸಮರ್ಥಿಸಲಾರೆ. ಕುದುರೆ ಪ್ರಯಾಣ, ಛತ್ರದ ಊಟ, ಮತ್ತೆ ಪ್ರಯಾಣ ಬೇಸರ ತರಿಸುತ್ತವೆ. ಬೆಲೆಯೇರಿಕೆ, ನಾಣ್ಯದ ಬೆಳ್ಳಿ ಕಡಿಮೆಯಾದ ಸಂಗತಿಗಳನ್ನು ಪಾತ್ರಗಳು ಒಬ್ಬರಿಗೊಬ್ಬರು ಪಾಠದಂತೆ ಹೇಳಿಕೊಳ್ಳುವ ಕಡೆ ಲೇಖಕನ ಟಿಪ್ಪಣಿ ಪುಸ್ತಕ ಇಣುಕುತ್ತದೆ. ಪುಸ್ತಕದ ಕೊನೆಗೆ ದಂಗೆಯ ಬಗ್ಗೆ ಅವನೇ ಬರೆದ ದೀರ್ಘ ಪ್ರಬಂಧವಿದೆ, ಅದರಲ್ಲಿ ಹೇಳಬಹುದಿತ್ತು. ನೂರೈವತ್ತು ಪುಟ ಇಳಿಸಿದ್ದರೆ ಪುಸ್ತಕಕ್ಕೆ ಲಾಭವೇ ಆಗುತ್ತಿತ್ತು. ಬೀಡಿನ ಪುಟಗಳಲ್ಲಿ ಮಾತ್ರ ಒಂದನ್ನೂ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅಲ್ಲಿ ಗುಡಿಸಲು ಕಟ್ಟುವವರು, ಅಡುಗೆ ಮಾಡುವವರು, ಅಕ್ಷರ ಬರೆಯಬಲ್ಲ ಹುಡುಗರು ಹೆಸರಿನೊಂದಿಗೆ ಬರುತ್ತಾರೆ, ಜಗಳವಾಡುತ್ತಾರೆ, ನಮಗೆ ಹತ್ತಿರವಾಗುತ್ತಾರೆ. ಆಗಸ್ಟ್ 27ರಂದು ಡಸಿಂಡೇಲ್ ಬಯಲಿನಲ್ಲಿ ವಾರಿಕ್‌ನ ಅರ್ಲ್ ಜರ್ಮನ್ ಕೂಲಿಸೈನ್ಯದ ಸಮೇತ ಅವರ ಮೇಲೆ ಬೀಳುತ್ತಾನೆ. ಸತ್ತವರು ಸಾವಿರಾರು. ಆ ರಾತ್ರಿ ನನ್ನ ಹಾಳೆಯಲ್ಲಿ ಚುಕ್ಕೆ ಹಾಕುತ್ತ ಹೋದಾಗ ಎಡಿತ್‌ಳ ಚುಕ್ಕೆ ಎಲ್ಲಿದೆಯೆಂದು ಹುಡುಕಬೇಕಾಯಿತು.

ಎಡಿತ್‌ಳನ್ನು ಕೊಂದವರು ಯಾರೆಂದು ಕಾದಂಬರಿ ಹೇಳುತ್ತದೆ, ನಾನು ಇಲ್ಲಿ ಹೇಳುವುದಿಲ್ಲ. ಡಸಿಂಡೇಲ್‌ನಲ್ಲಿ ಕೊಲ್ಲಿಸಿದ್ದು ಯಾರೆಂದು ಎಲ್ಲರಿಗೂ ಗೊತ್ತು. ಎರಡೇ ವರ್ಷದಲ್ಲಿ ಅವನು ಡ್ಯೂಕ್ ಆದ. ಡಿಸೆಂಬರ್ 7ರಂದು ಕೆಟ್‌ನನ್ನು ನಾರಿಚ್ ಕೋಟೆಯಲ್ಲಿ ನೇಣುಹಾಕಿದರು. 400 ವರ್ಷ ಕಳೆದು 1949ರಲ್ಲಿ ಅದೇ ಕೋಟೆಗೆ ಊರವರು ಅವನ ಗೌರವಕ್ಕೆ ಫಲಕ ಹಾಕಿದರು. ಬಯಲಿನಲ್ಲಿ ಬಿದ್ದವರ ಹೆಸರುಗಳನ್ನು ಹಾಕೋಣವೆಂದರೆ ಬರೆದಿಟ್ಟವರಿಲ್ಲ. ಸ್ಯಾನ್ಸಮ್‌ಗೆ 2012ರಲ್ಲಿ ರಕ್ತದ ಕ್ಯಾನ್ಸರ್ ಪತ್ತೆಯಾಗಿತ್ತು. ಆ ಕಾಯಿಲೆಯೊಳಗೇ ಅವನು ಈ ಹೆಸರಿಲ್ಲದವರಿಗೆ ಹೆಸರು ಕೊಡುತ್ತ ಎಂಟುನೂರು ಪುಟ ಬರೆದ. ‘ಡಿಸಲ್ಯೂಷನ್’ ಆಧರಿಸಿದ ಟಿವಿ ಸರಣಿ 2024ರ ಮೇ 1ರಂದು ತೆರೆ ಕಂಡಿತು. ಅದಕ್ಕೆ ನಾಲ್ಕು ದಿನ ಮೊದಲು ಅವನು ತೀರಿಕೊಂಡ.

ಕನ್ನಡದಲ್ಲಿ ಪತ್ತೇದಾರಿಗೂ ಇತಿಹಾಸಕ್ಕೂ ದೊಡ್ಡ ಪರಂಪರೆಗಳಿವೆ, ಎರಡೂ ಬೇರೆ ಬೇರೆ ಓಣಿಯಲ್ಲಿ ಬೆಳೆದವು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಒಂದೇ ಬಸ್ ಪ್ರಯಾಣದಲ್ಲಿ ಮುಗಿಸಿ ಇಳಿದವರು ನಮ್ಮ ತಂದೆಯ ತಲೆಮಾರಿನಲ್ಲಿ ಎಷ್ಟೋ ಮಂದಿ. ಇತ್ತ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ, ತ.ರಾ.ಸು. ಅವರ ದುರ್ಗದ ಕಾದಂಬರಿಗಳಲ್ಲಿ ಅರಮನೆಯ ಒಳಸಂಚುಗಳಿಗೆ, ಕೊಲೆಗಳಿಗೆ ಕೊರತೆಯಿಲ್ಲ. ಆದರೆ ಹೊರಗಿನಿಂದ ಬಂದು ಸಾಕ್ಷಿ ಕೇಳುವವನೊಬ್ಬ ಅಲ್ಲಿಲ್ಲ. ಕೆ. ಎನ್. ಗಣೇಶಯ್ಯನವರು ಶಾಸನ, ಶಿಲ್ಪಗಳನ್ನೇ ಸುಳಿವಾಗಿಸಿ ದೊಡ್ಡ ಓದುಗ ಬಳಗ ಕಟ್ಟಿದರು. ಅಲ್ಲಿ ಹುಡುಕುವವರು ಮಾತ್ರ ಇಂದಿನವರು. ಹರಿಣಿ ನಾಗೇಂದ್ರರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022) ನಮ್ಮ ನೆಲದ್ದೇ. 1921ರ ಬೆಂಗಳೂರು, ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಒಂದು ಕೊಲೆ, ಗಣಿತ ಪ್ರೀತಿಸುವ ಹೊಸ ಮದುವಣಗಿತ್ತಿ ಕಾವೇರಿ. ಊರಿನ ಕೆರೆ, ಮರಗಳನ್ನು ಬಲ್ಲ ಪರಿಸರ ವಿಜ್ಞಾನಿ ಬರೆದದ್ದು ಅದರ ಪ್ರತಿ ಪುಟದಲ್ಲೂ ಗೊತ್ತಾಗುತ್ತದೆ. ಆದರೆ ಬರೆದದ್ದು ಇಂಗ್ಲಿಷಿನಲ್ಲಿ. ಕಾವೇರಿ ಮನೆಯಲ್ಲಿ ಆಡುತ್ತಿದ್ದ ಮಾತು ಯಾವುದಿದ್ದೀತೆಂದು ಓದುವಾಗಲೆಲ್ಲ ನನ್ನ ಕಿವಿ ಹುಡುಕುತ್ತಿತ್ತು.

‘ಟೂಮ್‌ಲ್ಯಾಂಡ್’ ಮುಚ್ಚಿಟ್ಟ ದಿನದಿಂದ ನನ್ನ ತಲೆಯಲ್ಲಿರುವುದು 1830ರ ನಗರ ಸೀಮೆ. ಕಂದಾಯದ ಹೊರೆ ತಾಳಲಾಗದೆ ರೈತರು ಕೂಟ ಕಟ್ಟಿ ಎದ್ದರು, ಮೈಸೂರಿನ ಸೈನ್ಯ ಇಳಿಯಿತು, ಅದನ್ನೇ ನೆಪಮಾಡಿ 1831ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತ ಕಸಿದುಕೊಂಡು ಐವತ್ತು ವರ್ಷ ಇಟ್ಟುಕೊಂಡರು. ಮೌಸ್‌ಹೋಲ್ಡ್ ದಿನ್ನೆಯ ಓಕ್ ಮರಕ್ಕೆ ಬದಲು ಇಲ್ಲಿ ಒಂದು ಅರಳಿಕಟ್ಟೆ ಇದ್ದಿರಬಹುದು. ಮಳೆ ಬಿಟ್ಟ ಒಂದು ಬೆಳಗ್ಗೆ, ಕೂಟದಲ್ಲಿ ಸತ್ತವರ ಪಟ್ಟಿ ಮಾಡಿಕೊಡು ಎಂದು ಅಮಲ್ದಾರ ಒಬ್ಬ ಶಾನುಭೋಗನನ್ನು ಕಳಿಸುತ್ತಾನೆ. ಬದುಕೆಲ್ಲ ಲೆಕ್ಕ ಬರೆದವನು, ತಪ್ಪು ಲೆಕ್ಕ ಬರೆಯಲು ಕೈ ಬಾರದವನು. ಕಂಬಳಿ ಸರಿಸಿ ಸರಿಸಿ ಎಣಿಸುತ್ತಾನೆ. ಒಂದು ಹೆಚ್ಚು ಬರುತ್ತದೆ. ಆ ಕಾದಂಬರಿಯನ್ನು ಮಲೆನಾಡಿನವರು ಯಾರಾದರೂ ಕನ್ನಡದಲ್ಲಿ ಬರೆಯಲಿ. ಎಷ್ಟು ಪುಟವಾದರೂ ಆಗಲಿ, ನಾನು ಹೆಸರು ಬರೆದುಕೊಳ್ಳಲು ಹಾಳೆ ಇಟ್ಟುಕೊಂಡು ಕೂರುತ್ತೇನೆ.